ದಾರದಲ್ಲಿ ಕೊಯ್ದ ಮೊಟ್ಟೆ

ಮೊಟ್ಟೆ ಹಳೆಯದಿರಬೇಕು.
ಇವತ್ತಿಟ್ಟದ್ದು ಬೇಯಿಸಿದರೆ
ಸಿಪ್ಪೆಯ ಜೊತೆ ಮೈಯೂ ಕಿತ್ತು ಬರುತ್ತದೆ,
ಹೊಸ ಜಗಳದ ಹಾಗೆ.
ಸೋಮವಾರವೇ ತಂದಿಟ್ಟಿದ್ದೇನೆ ಒಂದು ಡಜನ್.
ಈರಣ್ಣ ಬರುವುದು ಶುಕ್ರವಾರ,
ಬೀರೂರಿನಿಂದ, ಬೆಳಗಿನ ಪ್ಯಾಸೆಂಜರಿಗೆ.

ತಣ್ಣೀರಲ್ಲಿಟ್ಟೇ ಒಲೆ ಹಚ್ಚಬೇಕು.
ಕುದಿ ಬರುವ ತನಕ ಸೌಟಿನ ಬೆನ್ನಿನಿಂದ
ಮೆಲ್ಲಗೆ ತಿರುವುತ್ತಲೇ ಇರಬೇಕು,
ಇಲ್ಲದಿದ್ದರೆ ಹಳದಿ ಒಂದು ಪಕ್ಕಕ್ಕೆ ವಾಲಿ ಕೂರುತ್ತದೆ.
ಇದು ಅಪ್ಪ ಹೇಳಿದ್ದು.
ಅಪ್ಪನಿಗೆ ಹೇಳಿದ್ದು ಪಾಸ್ಕಲ್ ಬಟ್ಲರ್,
ಅರಸೀಕೆರೆ ಸ್ಟೇಷನ್ನಿನ ಊಟದ ಕೋಣೆಯಲ್ಲಿ.
ಫಸ್ಟ್ ಕ್ಲಾಸಿನವರು ಕೇಳಿ ತಿನ್ನುತ್ತಿದ್ದ ತಿಂಡಿ.

ಪಾಸ್ಕಲ್ ಅದಕ್ಕೆ ಡೆವಿಲ್ ಎಗ್ ಅನ್ನುತ್ತಿದ್ದ.
ಅಪ್ಪ ಮನೆಗೆ ಬಂದು ದೆವ್ವದ ಮೊಟ್ಟೆ ಅಂದ.
ಅವ್ವ ಸಾಸಿವೆ ಡಬ್ಬಿ ಹಿಡಿದೇ ನಿಂತಳು:
"ದೆವ್ವ ಬಿಡಿಸೋಕೆ ಸಾಸಿವೆ ಅಂತ ಗೊತ್ತು,
ದೆವ್ವ ಮಾಡೋಕೂ ಅದೇನಾ?"

ತಿಂಗಳ ಕೊನೆಗೆ ನಮಗೆ ಇಬ್ಬರಿಗೊಂದೇ ಮೊಟ್ಟೆ.
ಚಾಕು ಬೇಡ, ಹಳದಿ ಮೆತ್ತಿಕೊಳ್ಳುತ್ತದೆ.
ಹೂ ಕಟ್ಟುವ ದಾರದ ಒಂದು ತುದಿ ಅವ್ವನ ಹಲ್ಲಲ್ಲಿ,
ಇನ್ನೊಂದು ಬಲಗೈಯಲ್ಲಿ,
ಮೊಟ್ಟೆ ಎಡಗೈಯಲ್ಲಿ.
ಸರ್ರನೆ ಎರಡು ಪಾಲು.
ನಾವಿಬ್ಬರೂ ಬಗ್ಗಿ ನೋಡುತ್ತಿದ್ದೆವು
ಹಳದಿ ಯಾರ ಕಡೆ ಹೆಚ್ಚೆಂದು.

ಎಷ್ಟು ತಿರುವಿದರೂ ಅದು ಎಂದೂ ನಡುವೆ ಕೂರಲಿಲ್ಲ.
ಒಂದು ಸಲ ಈರಣ್ಣ ನನ್ನ ಮೊಣಕೈ ಕಚ್ಚಿದ,
ಗುರುತು ಇನ್ನೂ ಇದೆ, ತೋರಿಸಲೇ?
ಆಮೇಲಿಂದ ಅವ್ವ ಎರಡೂ ಕಡೆಯದನ್ನು ಬಗೆದು ತೆಗೆದು
ಬೆಣ್ಣೆ, ಅರೆದ ಸಾಸಿವೆ, ಮೆಣಸು, ನಾಲ್ಕು ಹನಿ ನಿಂಬೆ
ಹಾಕಿ ಕಿವುಚಿ
ಎರಡೂ ಗುಳಿಗೆ ಗೋಪುರವಾಗಿ ತುಂಬಿದಳು.
ಅಳತೆಗೆ ಅಪ್ಪನ ಟೀ ಚಮಚ,
ಹಿಡಿಯ ಮೇಲೆ ರೈಲ್ವೆಯ ಅಕ್ಷರ.
ಕದ್ದದ್ದಲ್ಲ ಅನ್ನುತ್ತಿದ್ದ ಅಪ್ಪ,
ಬಾಗಿದೆಯೆಂದು ಎಸೆದಿದ್ದರಂತೆ.

ಅರ್ಧ ಮೊಟ್ಟೆ ಇಡಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಈಗ ಬೆಣ್ಣೆ ಇಲ್ಲ, ಡಾಕ್ಟರ ಅಪ್ಪಣೆ.
ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಮೊಸರು.
ಮಗಳು ಮೇಯನೇಸ್ ಪ್ಯಾಕೆಟ್ ತಂದಿದ್ದಳು,
ಮೂಸಿ ನೋಡಿ ಫ್ರಿಜ್ಜಿನ ಬಾಗಿಲಲ್ಲಿಟ್ಟೆ.
ಸಾಸಿವೆ ಮಾತ್ರ ಕಲ್ಲಲ್ಲೇ.
ಅರೆಯುವಾಗ ಕಣ್ಣಲ್ಲಿ ನೀರು ಬರದಿದ್ದರೆ ಅದು ಸಾಸಿವೆಯಲ್ಲ.
ಬಂದರೆ, ಕಾರಣ ಹೇಳಬೇಕಾಗಿಲ್ಲ.

ಇಪ್ಪತ್ನಾಲ್ಕು ದೋಣಿ. ಉರುಳದಿರಲೆಂದು
ತಟ್ಟೆಗೆ ರಾಗಿ ಹರವಿ ಕೂರಿಸಿದ್ದೇನೆ.
ತಲೆಗೊಂದು ಚಿಟಿಕೆ ಬ್ಯಾಡಗಿ ಪುಡಿ.

ಬಂದ. ಚಪ್ಪಲಿ ಬಿಟ್ಟ. ಟವೆಲ್ಲಲ್ಲಿ ಕತ್ತು ಒರೆಸಿಕೊಂಡ.
ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದಿಟ್ಟ.
ಹಾಸನ ರಸ್ತೆಯ ಮೂವತ್ತು ನಲವತ್ತರ ಸೈಟು,
ಅಪ್ಪ ರಿಟೈರಾದ ದುಡ್ಡಲ್ಲಿ ಕೊಂಡದ್ದು.
"ನಿನ್ನ ಸೈನೊಂದು ಬೇಕು ಅಕ್ಕ. ಹಕ್ಕು ಖುಲಾಸೆ.
ಸುಮ್ನೆ ಒಂದು ಶಾಸ್ತ್ರಕ್ಕೆ."

"ತಿನ್ನು ಮೊದಲು" ಅಂದೆ.

ತಟ್ಟೆ ನೋಡಿದ.
ಅರವತ್ತೊಂದರ ಗಂಡಸು,
ಬಿಪಿ ಮಾತ್ರೆ ನುಂಗುವವನು,
ಬಗ್ಗಿ
ಯಾವುದರಲ್ಲಿ ಹಳದಿ ಹೆಚ್ಚಿದೆಯೆಂದು ನೋಡಿದ.
ನಾನು ಕಂಡೆನೆಂದು ತಿಳಿದು
ಕಿವಿಯವರೆಗೂ ಕೆಂಪಾದ.

ಐದು ತಿಂದ. "ಉಪ್ಪು ಕಮ್ಮಿ" ಅಂದ.
ಆರನೆಯದನ್ನು ಕೈಯಲ್ಲಿ ಹಿಡಿದು ಕೇಳಿದ,
"ಆ ಚಮಚ ಯಾರ ಹತ್ರ ಇದೆ?"
"ನನ್ನ ಹತ್ರ."
"ಹ್ಞೂಂ. ಇರ್ಲಿ ಬಿಡು."

ಕಿಟಕಿಯ ಗಾಳಿಗೆ ಕಾಗದ ಏಳುತ್ತಿತ್ತು.
ಹಾರದಿರಲೆಂದು ತಟ್ಟೆಯನ್ನು ಅದರ ಮೇಲೆ
ಎಳೆದಿಟ್ಟವನು ಅವನೇ.

ಉಳಿದವು ಹದಿನೆಂಟು.
ಒಂಬತ್ತನ್ನು ಡಬ್ಬಿಗೆ ಹಾಕಿಕೊಟ್ಟೆ.
ಗಾಡಿಗೆ ಹೊತ್ತಾಯಿತೆಂದು ಓಡಿದ.
ಕಾಗದ ತಟ್ಟೆಯಡಿಯಲ್ಲೇ ಇದೆ,
ಮರೆತನೋ, ಬಿಟ್ಟನೋ.

ಸೆಖೆ ಜಾಸ್ತಿ.
ಸಂಜೆಯೊಳಗೆ ತಿಂದು ಮುಗಿಸು ಅನ್ನಲು
ನಾನೂ ಮರೆತೆ.